ಅರಸನ ಚಿತ್ರಪುಸ್ತಕವೂ ನಂಜನಗೂಡಿನ ಶಿಲೆಗಳೂ

ನಮ್ಮ ಶಾಲೆಯಲ್ಲಿ ಓದಿದ ಪ್ರತಿಯೊಬ್ಬ ಬಾಲಿಕೆಯ ಕೈಯಲ್ಲಿಯೂ ಒಂದು ಕಾಲದಲ್ಲಿ ಚಿತ್ರದ ಪುಸ್ತಕವೊಂದಿದ್ದಿತು. ಕೆಲವರು ಅದರಲ್ಲಿ ಮಾವಿನ ಎಲೆಯನ್ನೂ ಬಿಂದಿಗೆಯನ್ನೂ ನೋಡಿ ನೋಡಿ ಬರೆದರು. ಕೆಲವರು ಹೊಲಿಗೆಯ ತರಗತಿಗಾಗಿ ಕಸೂತಿಯ ನಮೂನೆಗಳನ್ನು ಚೌಕುಳಿ ಕಾಗದದ ಮೇಲೆ ಇಳಿಸಿದರು. ಪರೀಕ್ಷೆ ಮುಗಿದ ದಿನ ಪುಸ್ತಕವು ಮನೆಗೆ ಹೋಯಿತು. ಆಮೇಲೆ ಅದು ಏನಾಯಿತೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಉತ್ತರ ಹೇಳಲಾರೆವು. ಪೆಟ್ಟಿಗೆಯ ತಳವನ್ನೋ ಅಟ್ಟದ ಮೂಲೆಯನ್ನೋ ಸೇರಿ, ಕೊನೆಗೆ ಗೆದ್ದಲಿನ ಪಾಲಾಗಿರಬೇಕು.

ಎಳೆಯ ಕೈಗಳ ಅಭ್ಯಾಸದ ಪುಸ್ತಕ ಹೋದರೆ ಲೋಕಕ್ಕೆ ದೊಡ್ಡ ನಷ್ಟವಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಇದೇ ಪ್ರಶ್ನೆಯನ್ನು ದೊಡ್ಡವರ ಪುಸ್ತಕಗಳ ವಿಷಯದಲ್ಲಿಯೂ ಕೇಳಬೇಕಾಗಿದೆ. ಒಬ್ಬ ಕಲಾವಿದನು, ಅಥವಾ ಕಲೆಯಲ್ಲಿ ಮನಸ್ಸಿಟ್ಟ ಅರಸನು, ತನಗಾಗಿ ಮಾಡಿಕೊಂಡ ಪುಸ್ತಕವು ಅವನ ಕಾಲಾನಂತರ ಎಲ್ಲಿರತಕ್ಕದ್ದು? ಮನೆಯಲ್ಲಿಯೋ, ಮಾರುವವರ ಅಂಗಡಿಯಲ್ಲಿಯೋ, ಅಥವಾ ಎಲ್ಲರಿಗೂ ಬಾಗಿಲು ತೆರೆದಿರುವ ಒಂದು ಸಂಶೋಧನಾ ಗ್ರಂಥಾಲಯದಲ್ಲಿಯೋ? ಈ ಪ್ರಶ್ನೆಗೆ ಉತ್ತರವನ್ನು ದೂರದೇಶದಲ್ಲಿ ಹುಡುಕುವ ಮೊದಲು ನಮ್ಮ ಕಪಿಲಾತೀರದಲ್ಲಿಯೇ ಹುಡುಕೋಣ.

ಮೂವತ್ತೆರಡು ಮೂರ್ತಿಗಳು

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಅದರ ಉದ್ದ ೩೮೫ ಅಡಿ, ಅಗಲ ೧೬೦ ಅಡಿ. ಏಳು ಅಂತಸ್ತಿನ ಗೋಪುರವು ಸುಮಾರು ೧೨೦ ಅಡಿ ಎತ್ತರವಾಗಿದ್ದು, ಊರಿಗೆ ಬರುವವರಿಗೆ ಬಹುದೂರದಿಂದಲೇ ಕಾಣಿಸುತ್ತದೆ. ಈ ದೇವಾಲಯಕ್ಕೆ ಅಧಿಕವಾಗಿ ಸೇವೆ ಸಲ್ಲಿಸಿದವರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಅಗ್ರಗಣ್ಯರು. ರಾಣಿಯರೊಡನೆ ಕೈಮುಗಿದು ನಿಂತಿರುವ ಅವರ ಭಕ್ತವಿಗ್ರಹವು ಇಂದಿಗೂ ಅಲ್ಲಿದೆ.

ಅದೇ ಆಲಯದಲ್ಲಿ ಗಣಪತಿಯ ಮೂವತ್ತೆರಡು ರೂಪಗಳ ಶಿಲಾಮೂರ್ತಿಗಳಿವೆ. ಸಾಮಾನ್ಯವಾಗಿ ನಾವು ಗಣಪತಿಯೆಂದರೆ ಒಂದೇ ಆಕಾರವನ್ನು ಊಹಿಸುತ್ತೇವೆ. ಇಲ್ಲಿ ಬಾಲಗಣಪತಿಯಿಂದ ಮೊದಲಾಗಿ ಸಂಕಟಹರ ಗಣಪತಿಯ ವರೆಗೆ ಮೂವತ್ತೆರಡು ಬಗೆಗಳು. ಒಂದಕ್ಕೆ ಎರಡು ಮುಖ, ಒಂದಕ್ಕೆ ಮೂರು ಮುಖ, ಹೇರಂಬನಿಗೆ ಐದು ಮುಖ. ಇಂತಹದೇ ಮಾಲೆ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದಲ್ಲಿಯೂ ಇದೆ. ಆ ದೇವಾಲಯವನ್ನು ೧೮೨೬ರಲ್ಲಿ ತಮ್ಮ ತಂದೆಯವರ ಸ್ಮರಣಾರ್ಥವಾಗಿ ಕಟ್ಟಿಸಿದವರೂ ಮುಮ್ಮಡಿಯವರೇ.

ಭಕ್ತಿಯ ವಿಷಯವನ್ನು ಭಕ್ತರಿಗೆ ಬಿಟ್ಟು, ವಿದ್ಯೆಯ ವಿಷಯವನ್ನು ಮಾತ್ರ ನಾವು ವಿಚಾರಿಸೋಣ. ನೋಡುವವನಿಗೆ ಒಡನೆಯೇ ಹುಟ್ಟುವ ಪ್ರಶ್ನೆಯಿದು: ಈ ಮೂವತ್ತೆರಡು ರೂಪಗಳನ್ನು ಕಂಡರಿಸಿದ ಶಿಲ್ಪಿಗಳಿಗೆ ಯಾವ ಕೈಯಲ್ಲಿ ಏನಿರಬೇಕು, ಯಾವ ಮೂರ್ತಿ ನಿಂತಿರಬೇಕು, ಯಾವುದು ಕುಣಿಯುತ್ತಿರಬೇಕು ಎಂಬುದಕ್ಕೆ ಆಧಾರವೇನು? ಆಧಾರವು ಪ್ರಾಚೀನ ಶಾಸ್ತ್ರಗಳಲ್ಲಿತ್ತು. ಆದರೆ ಅವು ಹತ್ತಾರು ಗ್ರಂಥಗಳಲ್ಲಿ ಚದರಿಹೋಗಿದ್ದುವು. ಅವುಗಳನ್ನು ಒಂದೆಡೆ ಕೂಡಿಸಿ ಚಿತ್ರಗಳೊಡನೆ ಇಟ್ಟ ಮಹಾಗ್ರಂಥವೇ ಶ್ರೀತತ್ತ್ವನಿಧಿ. ಶಿಲೆಗಳೂ ಆ ಗ್ರಂಥದ ಚಿತ್ರಗಳೂ ಹೆಚ್ಚುಕಡಿಮೆ ಒಂದೇ ಕಾಲದವು, ಒಬ್ಬನೇ ಅರಸನ ಆಜ್ಞೆಯಿಂದ ಆದುವು.

ಶ್ರೀತತ್ತ್ವನಿಧಿ

ಮುಮ್ಮಡಿಯವರು ಹುಟ್ಟಿದ್ದು ೧೭೯೪ರಲ್ಲಿ. ಟಿಪ್ಪುಸುಲ್ತಾನನ ಪತನಾನಂತರ ೧೭೯೯ರಲ್ಲಿ, ಐದು ವರ್ಷದ ಬಾಲಕರಾಗಿರುವಾಗ, ಅವರಿಗೆ ಪಟ್ಟವಾಯಿತು. ೧೮೩೧ರಲ್ಲಿ ರಾಜ್ಯದ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ೧೮೬೮ರಲ್ಲಿ ಕಾಲವಾಗುವವರೆಗೆ ಮೂವತ್ತೇಳು ವರ್ಷಗಳ ಕಾಲ ಅವರು ಸಿಂಹಾಸನವಿದ್ದೂ ಅಧಿಕಾರವಿಲ್ಲದ ಅರಸರಾಗಿದ್ದರು. ಇಂತಹ ಸ್ಥಿತಿಯಲ್ಲಿ ಮನಸ್ಸು ಕಹಿಯಾಗುವುದು ಸುಲಭ. ಅವರಾದರೋ ಪಂಡಿತರನ್ನೂ ಕವಿಗಳನ್ನೂ ಗಾಯಕರನ್ನೂ ಚಿತ್ರಕಾರರನ್ನೂ ಪೋಷಿಸಿ, ಅರಮನೆಯನ್ನು ಒಂದು ವಿದ್ಯಾಶಾಲೆಯನ್ನಾಗಿ ಮಾಡಿದರು. ಚದುರಂಗದಲ್ಲಿಯೂ ಎಲೆಯಾಟಗಳಲ್ಲಿಯೂ ಹೊಸ ಹೊಸ ಬಗೆಗಳನ್ನು ಕಲ್ಪಿಸುವಷ್ಟು ಚುರುಕಾದ ಬುದ್ಧಿ ಅವರದು.

ಶ್ರೀತತ್ತ್ವನಿಧಿಯು ಅವರ ಹೆಸರಿನಲ್ಲಿ ರಚಿತವಾದ ಗ್ರಂಥಗಳಲ್ಲೆಲ್ಲಾ ದೊಡ್ಡದು. ಅದಕ್ಕೆ ಒಂಬತ್ತು ಭಾಗಗಳಿವೆ. ಒಂದೊಂದಕ್ಕೂ ನಿಧಿಯೆಂದು ಹೆಸರು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ, ಕೌತುಕನಿಧಿ ಎಂದು ಅವುಗಳ ಕ್ರಮ. ಕುಬೇರನ ನವನಿಧಿಗಳನ್ನು ಕಥೆಯಲ್ಲಿ ಕೇಳಿದ್ದೇವೆ. ಅಧಿಕಾರವನ್ನು ಕಳೆದುಕೊಂಡ ಈ ಅರಸರು ವಿದ್ಯೆಯ ನವನಿಧಿಗಳನ್ನು ಕೂಡಿಸಿದರು.

ಗ್ರಂಥದ ರೀತಿ ಹೀಗಿದೆ: ಒಂದು ಮೂರ್ತಿಯ ಹೆಸರು, ಅದನ್ನು ವರ್ಣಿಸುವ ಸಂಸ್ಕೃತದ ಧ್ಯಾನಶ್ಲೋಕ, ಆ ಶ್ಲೋಕಕ್ಕೆ ಸರಿಯಾಗಿ ಅರಮನೆಯ ಚಿತ್ರಕಾರರು ಬಣ್ಣದಲ್ಲಿ ಬರೆದ ಚಿತ್ರ. ಶ್ಲೋಕವು ಚಿತ್ರಕಾರನಿಗೆ ಗುರು, ಚಿತ್ರವು ಓದುವವನಿಗೆ ಟೀಕೆ. ಕೊನೆಯದಾದ ಕೌತುಕನಿಧಿಯಲ್ಲಿ ದೇವತೆಗಳಲ್ಲದ ವಿಷಯಗಳೂ ಇವೆ. ಛದಗಳೆಂಬ ಎಲೆಯಾಟಗಳ ವಿವರವು ಅಲ್ಲಿದೆ. ಯೋಗಾಸನಗಳ ೧೨೨ ಭಂಗಿಗಳೂ ಚಿತ್ರಸಹಿತವಾಗಿ ಅಲ್ಲಿವೆ.

ಕಲ್ಲು ಮತ್ತು ಕಾಗದ

ಈಗ ನಂಜನಗೂಡಿನ ಶಿಲೆಯನ್ನೂ ಗ್ರಂಥದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಬಾಲಗಣಪತಿಯ ಕೈಗಳಲ್ಲಿ ಬಾಳೆಯ ಹಣ್ಣು, ಮಾವು, ಹಲಸು, ಕಬ್ಬು ಇರಬೇಕೆಂದು ಶ್ಲೋಕ ಹೇಳುತ್ತದೆ. ಇವೆಲ್ಲವೂ ನಮ್ಮ ಸೀಮೆಯ ತೋಟಗಳ ಹಣ್ಣುಹಂಪಲುಗಳೇ. ಇವುಗಳನ್ನು ಶಿಲ್ಪಿ ಕಲ್ಲಿನಲ್ಲಿ ಕಡೆಯಬಲ್ಲನು. ಆದರೆ ಆ ಬಾಲನ ಮೈಬಣ್ಣ ಉದಯಕಾಲದ ಸೂರ್ಯನಂತಿರಬೇಕೆಂಬುದನ್ನು ಕಲ್ಲು ಹೇಗೆ ತಾನೆ ತೋರಿಸೀತು? ಭಕ್ತಗಣಪತಿಯ ಕೈಯ ತೆಂಗಿನಕಾಯಿಯನ್ನೂ ಪಾಯಸದ ಪಾತ್ರೆಯನ್ನೂ ಕಲ್ಲಿನಲ್ಲಿ ಕಾಣಬಹುದು. ಅವನ ಶರೀರ ಶರತ್ಕಾಲದ ಚಂದ್ರನಂತೆ ಬಿಳುಪೆಂಬುದು ಕಾಣದು. ಹರಿದ್ರಾಗಣಪತಿಗಂತೂ ಹೆಸರೇ ಅರಿಸಿನದಿಂದ ಬಂದುದು. ಅರಿಸಿನದ ಬಣ್ಣವಿಲ್ಲದ ಕಪ್ಪುಶಿಲೆಯಲ್ಲಿ ಅವನ ಹೆಸರಿಗೆ ಕಾರಣವೇ ಮರೆಯಾಗುತ್ತದೆ. ಈ ಅಂಶಗಳನ್ನು ತಿಳಿಸುವುದು ಕಾಗದವೇ ಹೊರತು ಕಲ್ಲಲ್ಲ.

ಹಾಗಾದರೆ ಕಾಗದವು ಕಲ್ಲಿಗಿಂತ ಮೇಲೋ? ಹಾಗೆಂದೂ ಹೇಳಲಾಗದು. ಕಲ್ಲಿಗೆ ಎರಡು ಗುಣಗಳಿವೆ. ಅದು ಬಾಳುತ್ತದೆ, ಮತ್ತು ಅದು ಎಲ್ಲರ ಕಣ್ಣ ಮುಂದಿದೆ. ತೇರಿನ ದಿನ ಬಂದ ಒಕ್ಕಲಿಗನೂ, ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿಯೂ ಆ ಮೂರ್ತಿಗಳನ್ನು ನೋಡಬಹುದು. ಕಾಗದದಲ್ಲಿ ಬಣ್ಣವುಂಟು, ಹೆಸರುಂಟು, ಶಾಸ್ತ್ರದ ಆಧಾರವುಂಟು. ಆದರೆ ಬೆಂಕಿ, ನೀರು, ಹುಳು, ಅಲಕ್ಷ್ಯ ಎಂಬ ನಾಲ್ವರು ಶತ್ರುಗಳು ಅದನ್ನು ಹಗಲಿರುಳು ಕಾದಿರುತ್ತಾರೆ. ಅಲ್ಲದೆ ಅರಮನೆಯ ಪುಸ್ತಕವು ಅರಮನೆಯವರ ಕಣ್ಣಿಗೆ ಮಾತ್ರ ಬೀಳುವುದು.

ಆದುದರಿಂದ ಕಲ್ಲಿನ ಈ ಎರಡು ಗುಣಗಳನ್ನು ಕಾಗದಕ್ಕೂ ತಂದುಕೊಡುವ ಉಪಾಯವೊಂದು ಬೇಕು. ಮನುಷ್ಯನು ಕಂಡುಹಿಡಿದ ಅಂತಹ ಉಪಾಯವೇ ಸಂಶೋಧನಾ ಗ್ರಂಥಾಲಯದ ಶಾಶ್ವತ ಸಂಗ್ರಹ. ಸಾಮಾನ್ಯ ವಾಚನಾಲಯದ ಪುಸ್ತಕವು ಮನೆಮನೆಗೆ ಹೋಗಿಬರುತ್ತದೆ. ಸವೆದರೆ ತೆಗೆದುಹಾಕಿ ಹೊಸ ಪ್ರತಿಯನ್ನು ಕೊಳ್ಳುತ್ತಾರೆ. ಶಾಶ್ವತ ಸಂಗ್ರಹಕ್ಕೆ ಸೇರಿದ ಪುಸ್ತಕವು ಹೊರಗೆ ಹೋಗುವುದಿಲ್ಲ, ವಿಕ್ರಯವಾಗುವುದಿಲ್ಲ, ಹಳತಾಯಿತೆಂದು ಬಿಸಾಡಲ್ಪಡುವುದಿಲ್ಲ. ಹಳತಾದಷ್ಟೂ ಅದರ ಬೆಲೆ ಏರುತ್ತದೆ. ಯೋಗ್ಯವಾದ ಕಾರಣವನ್ನು ಹೇಳಿಕೊಂಡು ಬಂದ ವಿದ್ಯಾರ್ಥಿಗೆ, ಅವನು ಯಾರ ಮಗನೇ ಆಗಲಿ, ಯಾರ ಮಗಳೇ ಆಗಲಿ, ಅದನ್ನು ಮೇಜಿನ ಮೇಲಿಟ್ಟು ತೋರಿಸುವರು.

ಅರಮನೆಯಿಂದ ಗ್ರಂಥಾಲಯಕ್ಕೆ

ಮೈಸೂರಿನಲ್ಲಿ ಇಂತಹ ಗ್ರಂಥಾಲಯವು ೧೮೯೧ರಲ್ಲಿ, ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ಸ್ಥಾಪಿತವಾಯಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗಾಗಿ ಕಟ್ಟಿದ ಜ್ಯೂಬಿಲಿ ಭವನದಲ್ಲಿ ಅದಕ್ಕೆ ನೆಲೆಯಾಯಿತು. ಆಗ ಅದರ ಹೆಸರು ಸರ್ಕಾರಿ ಓರಿಯೆಂಟಲ್ ಲೈಬ್ರರಿ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ಅದರ ಅಂಗವಾಯಿತು. ೧೯೪೩ರಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ಹತ್ತಾರು ಸಾವಿರ ತಾಳೆಯೋಲೆಯ ಮತ್ತು ಕಾಗದದ ಹಸ್ತಪ್ರತಿಗಳು ಅಲ್ಲಿವೆ. ಶ್ರೀತತ್ತ್ವನಿಧಿಯ ಚಿತ್ರಸಹಿತವಾದ ಹಸ್ತಪ್ರತಿಯು ಇಂದು ಅದರ ಶಾಶ್ವತ ಸಂಗ್ರಹದಲ್ಲಿದೆ. ಇನ್ನೊಂದು ಪ್ರತಿ ರಾಜಮನೆತನದವರಲ್ಲಿ ಉಳಿಯಿತು. ಚಿತ್ರಗಳಿಲ್ಲದ, ಬರವಣಿಗೆ ಮಾತ್ರವಿರುವ ಪ್ರತಿಯೊಂದು ದೂರದ ಬರೋಡೆಯ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ.

ಒಂದೇ ಗ್ರಂಥದ ಪ್ರತಿಗಳು ಹೀಗೆ ಬೇರೆ ಬೇರೆ ಛಾವಣಿಗಳ ಕೆಳಗಿರುವುದು ಎಷ್ಟು ಒಳ್ಳೆಯದೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು. ೧೮೯೭ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯಿತು. ಈಗ ನಾವು ನೋಡುವ ಅರಮನೆಯು ಆ ಬಳಿಕ ಕಟ್ಟಿ ೧೯೧೨ರಲ್ಲಿ ಮುಗಿದುದು. ಸಿರಿಯುಳ್ಳ ಅರಮನೆಗೇ ಇಂತಹ ವಿಪತ್ತು ಬರಬಹುದಾದರೆ, ಹುಲ್ಲಿನ ಹೊದಿಕೆಯ ಮನೆಯಲ್ಲಿ ಒಂದೇ ಒಂದು ಪ್ರತಿಯಾಗಿ ಉಳಿದ ಪುಸ್ತಕದ ಗತಿಯೇನು? ಒಂದೇ ಮನೆಯಲ್ಲಿರುವ ಪುಸ್ತಕದ ಆಯುಸ್ಸು ಆ ಮನೆಯ ಛಾವಣಿಯ ಆಯುಸ್ಸಿಗಿಂತ ಹೆಚ್ಚಲ್ಲ.

ಅಚ್ಚಾದರೆ ಸಾಲದೇ ಎಂದು ಕೇಳಬಹುದು. ಶ್ರೀತತ್ತ್ವನಿಧಿಯು ಬೊಂಬಾಯಿಯ ಖೇಮರಾಜ ಕೃಷ್ಣದಾಸರ ಶ್ರೀವೆಂಕಟೇಶ್ವರ ಮುದ್ರಣಾಲಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಚ್ಚಾಯಿತು. ಅದರಿಂದ ಉಪಕಾರವಾದುದು ನಿಜ. ಆದರೆ ಆ ಮುದ್ರಣದಲ್ಲಿ ಚಿತ್ರಗಳಿರಲಿಲ್ಲ. ಚಿತ್ರಕ್ಕಾಗಿ ಹುಟ್ಟಿದ ಗ್ರಂಥವು ಚಿತ್ರವಿಲ್ಲದೆ ಲೋಕಸಂಚಾರ ಮಾಡಿತು. ಬಹುಕಾಲದ ಮೇಲೆ, ಮೂಲ ಹಸ್ತಪ್ರತಿ ಭದ್ರವಾಗಿ ಉಳಿದಿದ್ದುದರಿಂದಲೇ, ಸಂಶೋಧನಾಲಯದವರು ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿಗಳನ್ನು ಚಿತ್ರಗಳೊಡನೆ ಹೊರತರಲು ಸಾಧ್ಯವಾಯಿತು. ಕೌತುಕನಿಧಿಯ ಯೋಗಾಸನಗಳ ಭಾಗವನ್ನು ಎನ್. ಇ. ಷೋಮನ್ ಎಂಬ ವಿದ್ವಾಂಸರು ಅನುವಾದಿಸಿ ೧೯೯೬ರಲ್ಲಿ ಚಿತ್ರಗಳೊಡನೆ ಪ್ರಕಟಿಸಿದ ಮೇಲೆ, ಯೋಗದ ಚರಿತ್ರೆಯನ್ನು ಓದುವವರೆಲ್ಲರೂ ಮೈಸೂರಿನ ಕಡೆಗೆ ತಿರುಗಿ ನೋಡುವಂತಾಯಿತು. ತನ್ನ ಎಲೆಯಾಟದ ಪಕ್ಕದಲ್ಲಿ ಬರೆಯಿಸಿಟ್ಟ ಆಸನಗಳು ಒಂದೂವರೆ ಶತಮಾನದ ಮೇಲೆ ಯಾವ ದೇಶದ ಯಾರಿಗೆ ಉಪಯೋಗವಾಗುವುದೆಂದು ಆ ಅರಸನಿಗೆ ತಿಳಿದಿತ್ತೇ? ಪುಸ್ತಕವನ್ನು ಉಳಿಸುವವನು ಯಾವ ಪ್ರಶ್ನೆಗೆ ಉತ್ತರವಾಗಿ ಅದನ್ನು ಉಳಿಸುತ್ತಿದ್ದಾನೆಂಬುದನ್ನು ಮುಂದಾಗಿ ಅರಿಯನು.

ತಂಜಾವೂರಿನ ಪಂಡಿತನ ದಾನ

ಅರಸರ ಪುಸ್ತಕವಾದುದರಿಂದ ಉಳಿಯಿತು ಎನ್ನುವವರಿಗೆ, ಅದೇ ಗ್ರಂಥಾಲಯದ ಇನ್ನೊಂದು ಕಥೆಯನ್ನು ಹೇಳಬೇಕು. ತಂಜಾವೂರು ಸೀಮೆಯ ಒಬ್ಬ ಪಂಡಿತನು ತನ್ನಲ್ಲಿದ್ದ ಗ್ರಂಥಲಿಪಿಯ ಒಂದು ತಾಳೆಯೋಲೆಯ ಕಟ್ಟನ್ನು, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕಿನೊಡನೆ, ಮೈಸೂರಿನ ಗ್ರಂಥಾಲಯಕ್ಕೆ ಒಪ್ಪಿಸಿದನು. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಪರಿಶೀಲಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಶತಮಾನಗಳಿಂದ ಹೆಸರಿನಿಂದಲೂ ಅಲ್ಲೊಂದು ಇಲ್ಲೊಂದು ಉದ್ಧೃತವಾದ ವಾಕ್ಯದಿಂದಲೂ ಮಾತ್ರ ತಿಳಿದಿದ್ದ ಗ್ರಂಥವದು. ಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. ೧೯೧೫ರಲ್ಲಿ ಇಂಗ್ಲಿಷ್ ಅನುವಾದವು ಪುಸ್ತಕರೂಪವಾಗಿ ಬಂದಿತು. ಹಿಂದೂದೇಶದವರಿಗೆ ರಾಜ್ಯಶಾಸ್ತ್ರವೇ ತಿಳಿಯದೆಂದು ಹೇಳುತ್ತಿದ್ದವರ ಬಾಯಿ ಅಂದಿಗೆ ಕಟ್ಟಿತು.

ಆ ಪಂಡಿತನು ಅರಸನಲ್ಲ. ಶಾಸ್ತ್ರಿಗಳು ತಮ್ಮ ಮುನ್ನುಡಿಯಲ್ಲಿ ಆತನನ್ನು ತಂಜಾವೂರು ಪ್ರಾಂತದ ಪಂಡಿತನೆಂದಷ್ಟೇ ಹೇಳಿದ್ದಾರೆ. ಆತನು ಆ ಕಟ್ಟನ್ನು ತನ್ನ ಮನೆಯ ಅಟ್ಟದಲ್ಲಿಯೇ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ಇಲ್ಲಿ ಇಬ್ಬರ ಕೆಲಸವಿದೆ. ಕೊಟ್ಟವನಿಲ್ಲದೆ ಓದಿದವನಿಲ್ಲ, ಓದಿದವನಿಲ್ಲದಿದ್ದರೆ ಕೊಟ್ಟುದೂ ವ್ಯರ್ಥ.

ಲಿಯೊನಾರ್ದೋವಿನ ಕಡತಗಳು

ಕಲಾವಿದರ ಸ್ವಂತ ಪುಸ್ತಕಗಳಿಗೆ ಬರುವ ಬಗೆಬಗೆಯ ಗತಿಗಳನ್ನು ಒಂದೇ ಚರಿತ್ರೆಯಲ್ಲಿ ನೋಡಬೇಕೆಂದರೆ ಇಟಲಿ ದೇಶದ ಲಿಯೊನಾರ್ದೋ ದಾ ವಿಂಚಿಯ ಕಡತಗಳನ್ನು ನೋಡಬೇಕು. ಚಿತ್ರಕಾರನೂ ಶಿಲ್ಪಿಯೂ ಯಂತ್ರಜ್ಞನೂ ಆಗಿದ್ದ ಆ ಮಹನೀಯನು ತಾನು ಕಂಡುದನ್ನೂ ಯೋಚಿಸಿದುದನ್ನೂ ಕನ್ನಡಿಯಲ್ಲಿ ಕಾಣುವಂತೆ ಬಲದಿಂದ ಎಡಕ್ಕೆ ಬರೆದು, ನಡುನಡುವೆ ಚಿತ್ರಗಳನ್ನು ತೆಗೆದು, ಸಾವಿರಾರು ಹಾಳೆಗಳನ್ನು ತುಂಬಿದನು. ೧೫೧೯ರಲ್ಲಿ ಅವನು ಕಾಲವಾದಾಗ ಅವೆಲ್ಲವೂ ಅವನ ಶಿಷ್ಯನಾದ ಫ್ರಾನ್ಸೆಸ್ಕೊ ಮೆಲ್ಸಿಗೆ ಸೇರಿದುವು. ಶಿಷ್ಯನು ತಾನಿರುವವರೆಗೆ ಅವುಗಳನ್ನು ಜೋಪಾನಮಾಡಿದನು. ಅವನ ತರುವಾಯದವರಿಗೆ ಅವುಗಳ ಬೆಲೆ ತಿಳಿಯಲಿಲ್ಲ. ಕಡತಗಳು ಅಟ್ಟವನ್ನೇರಿದುವು, ಕೇಳಿದವರ ಕೈಸೇರಿದುವು. ಪೊಂಪೆಯೊ ಲಿಯೋನಿ ಎಂಬ ಶಿಲ್ಪಿಯು ಅನೇಕವನ್ನು ಸಂಪಾದಿಸಿದನು. ಆದರೆ ಹಾಳೆಗಳನ್ನು ಕತ್ತರಿಸಿ, ತನಗೆ ತೋಚಿದ ಕ್ರಮದಲ್ಲಿ ಅಂಟಿಸಿ, ಮೂಲದ ಅನುಕ್ರಮವನ್ನು ಕೆಡಿಸಿದನು.

ಹಾಗೆ ಅಂಟಿಸಿದ ದೊಡ್ಡ ಸಂಪುಟವೊಂದರಲ್ಲಿ ಈಗ ೧,೧೧೯ ಹಾಳೆಗಳಿವೆ. ಅದನ್ನು ೧೬೩೭ರಲ್ಲಿ ಗಲಿಯಾತ್ಸೊ ಅರ್ಕೊನಾತಿ ಎಂಬ ಶ್ರೀಮಂತನು ಮಿಲಾನ್ ನಗರದ ಅಂಬ್ರೋಸಿಯಾನ ಗ್ರಂಥಾಲಯಕ್ಕೆ ದಾನಮಾಡಿದನು. ಕಾರ್ಡಿನಲ್ ಫೆದೆರಿಗೊ ಬೊರೊಮೆಯೊ ಎಂಬ ಧರ್ಮಾಧ್ಯಕ್ಷನು ವಿದ್ವಾಂಸರಿಗೆಂದು ೧೬೦೯ರಲ್ಲಿ ತೆರೆದ ಗ್ರಂಥಾಲಯವದು. ೧೭೯೬ರಲ್ಲಿ ನೆಪೋಲಿಯನ್ನನ ಸೈನ್ಯವು ಆ ಸಂಪುಟವನ್ನು ಪ್ಯಾರಿಸಿಗೆ ಒಯ್ದಿತು. ೧೮೧೫ರಲ್ಲಿ ಅದು ತನ್ನ ಸ್ಥಾನಕ್ಕೆ ಮರಳಿತು. ಅದು ಇಂಥ ಗ್ರಂಥಾಲಯದ ಸ್ವತ್ತೆಂದು ಎಲ್ಲರಿಗೂ ತಿಳಿದಿದ್ದುದರಿಂದ ಮರಳಿ ಕೇಳುವುದಕ್ಕೆ ಆಧಾರವಿದ್ದಿತು.

ಗ್ರಂಥಾಲಯವನ್ನು ಸೇರಿದ ಮಾತ್ರಕ್ಕೆ ಪುಸ್ತಕವು ಕ್ಷೇಮವೆಂದು ತಿಳಿಯಬಾರದೆಂಬುದಕ್ಕೂ ಅವನ ಕಡತಗಳೇ ಸಾಕ್ಷಿ. ಸುಮಾರು ೭೦೦ ಪುಟಗಳ ಎರಡು ಸಂಪುಟಗಳು ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದುವು. ಪಟ್ಟಿಯಲ್ಲಿ ಅವುಗಳ ಹೆಸರಿತ್ತು. ಆದರೆ ಕ್ರಮಾಂಕ ತಪ್ಪಾಗಿತ್ತು. ಆ ಅಂಕೆಯ ಸ್ಥಾನದಲ್ಲಿ ಹುಡುಕಿದವರಿಗೆ ಬೇರೆ ಪುಸ್ತಕ ಸಿಕ್ಕಿತು. ಹೀಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅವು ಕಳೆದುಹೋದುವೆಂದೇ ಲೋಕ ನಂಬಿತ್ತು. ೧೯೬೫ರಲ್ಲಿ ಅವು ಅದೇ ಕಟ್ಟಡದ ಕಪಾಟಿನಲ್ಲಿ ದೊರೆತುವು. ಒಂದು ಅಂಕೆಯ ತಪ್ಪು ಒಂದು ಬೆಂಕಿಯಷ್ಟೇ ಕೆಲಸ ಮಾಡಬಲ್ಲದು.

ಗ್ರಂಥಾಲಯದ ಕರ್ತವ್ಯಗಳು

ಮೇಲಿನ ದೃಷ್ಟಾಂತಗಳಿಂದ ಗ್ರಂಥಾಲಯದ ಕರ್ತವ್ಯಗಳು ಮೂರೆಂದು ಏರ್ಪಡುತ್ತವೆ. ಮೊದಲನೆಯದು ದಾಖಲೆ. ಪುಸ್ತಕ ಬಂದ ದಿನವೇ ಅದರ ಹೆಸರು, ಅಳತೆ, ಹಾಳೆಗಳ ಸಂಖ್ಯೆ, ಕೊಟ್ಟವರು ಯಾರು, ಯಾವ ಊರಿನಿಂದ ಬಂದಿತು ಎಂಬುದನ್ನು ದಫ್ತರದಲ್ಲಿ ಬರೆದು ಕ್ರಮಾಂಕವನ್ನು ಕೊಡಬೇಕು. ಎರಡನೆಯದು ಸಂರಕ್ಷಣೆ. ತಾಳೆಯೋಲೆಯಲ್ಲಿ ಅಕ್ಷರವನ್ನು ಉಕ್ಕಿನ ಕಂಟದಿಂದ ಕೊರೆದಿರುತ್ತಾರೆ. ಕಾಲಕ್ರಮದಲ್ಲಿ ಮಸಿ ಮಾಸಿ ಓಲೆ ಒಣಗುತ್ತದೆ. ಆಗ ಕಾಡಿಗೆಯನ್ನು ಮೆಲ್ಲಗೆ ಸವರಿ ಒರಸಿದರೆ ಅಕ್ಷರಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಸಿಟ್ರೊನೆಲ್ಲಾ ಎಂಬ ಸುವಾಸನೆಯ ಹುಲ್ಲಿನ ಎಣ್ಣೆಯನ್ನು ಲೇಪಿಸಿದರೆ ಓಲೆ ಮೃದುವಾಗಿ ಬಾಗುತ್ತದೆ, ಹುಳುವೂ ದೂರವಾಗುತ್ತದೆ. ಬಣ್ಣದ ಚಿತ್ರವಿರುವ ಕಾಗದಕ್ಕೆ ಎಣ್ಣೆಯ ಸೋಂಕೇ ಆಗದು. ಅದಕ್ಕೆ ಬಿಸಿಲೂ ತೇವವೂ ತಾಗದ ಸ್ಥಳವೇ ಔಷಧ. ಮೂರನೆಯದು ಪ್ರಕಾಶನ. ನಕಲು ಮಾಡಿಸುವುದು, ಅಚ್ಚು ಹಾಕಿಸುವುದು, ಈಚಿನ ಯಂತ್ರಗಳಿಂದ ಛಾಯಾಪ್ರತಿಗಳನ್ನು ತೆಗೆದಿಡುವುದು, ಇವೆಲ್ಲವೂ ಇದರಲ್ಲಿ ಸೇರಿವೆ. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಗ್ರಂಥಾಲಯವು ಇನ್ನೊಂದು ಅಟ್ಟವೇ ಆದೀತು.

ಒಂದು ಆಕ್ಷೇಪಣೆ

ಇಷ್ಟೆಲ್ಲಾ ಹೇಳಿದ ಮೇಲೆಯೂ ಒಂದು ಆಕ್ಷೇಪಣೆ ಉಳಿಯುತ್ತದೆ. ತಾತನು ಬರೆದ ಪುಸ್ತಕ ಮನೆಯಲ್ಲಿದ್ದರೆ ಮಕ್ಕಳು ಅದನ್ನು ಮುಟ್ಟಿ ನೋಡುತ್ತಾರೆ. ತಾತನ ಕೈಯ ನೆನಪು ಅದರಲ್ಲಿರುತ್ತದೆ. ಗ್ರಂಥಾಲಯಕ್ಕೆ ಕೊಟ್ಟರೆ ಅದು ಬೀಗದೊಳಗಿನ ಒಂದು ಸಂಖ್ಯೆಯಾಗುವುದಿಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಕೊಡುವ ಮನೆಗೆ ನಷ್ಟವಾಗುವುದು ನಿಜ. ಅದನ್ನು ಇಲ್ಲವೆನ್ನುವುದು ನ್ಯಾಯವಲ್ಲ. ಆದರೆ ತಾತನನ್ನು ಕಂಡ ಮಕ್ಕಳು ಒಂದು ತಲೆಮಾರು, ಅವನ ಮಾತನ್ನು ಕೇಳಿದ ಮೊಮ್ಮಕ್ಕಳು ಇನ್ನೊಂದು ತಲೆಮಾರು. ಮೂರನೆಯವರಿಗೆ ಆ ಪುಸ್ತಕ ಹಳೆಯ ಕಾಗದವಾಗಿ ಕಾಣುವುದಕ್ಕೆ ತೊಡಗುತ್ತದೆ. ಮೆಲ್ಸಿಯ ಮನೆಯಲ್ಲಿ ಆದುದು ಅದೇ. ಪ್ರೀತಿಯಿರುವಾಗಲೇ ಕೊಟ್ಟರೆ ಪುಸ್ತಕದೊಡನೆ ಅದರ ಕಥೆಯೂ ಹೋಗುತ್ತದೆ. ಪ್ರೀತಿ ಆರಿದ ಮೇಲೆ ಕೊಟ್ಟರೆ ಕಾಗದ ಮಾತ್ರ ಹೋಗುತ್ತದೆ. ಕೊಡುವ ಮೊದಲು ಪ್ರತಿಯೊಂದನ್ನು ತೆಗೆದು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಂಜನಗೂಡನ್ನು ಹಾದುಹೋಗುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕಪಿಲೆಯೆಂಬ ಹೆಸರಿಲ್ಲ. ಆದರೆ ನೀರು ಇನ್ನೂ ಎಷ್ಟೋ ದೂರದ ಹೊಲಗಳಿಗೆ ಹರಿಯುತ್ತದೆ. ಮನೆಯ ಪುಸ್ತಕವು ಗ್ರಂಥಾಲಯವನ್ನು ಸೇರುವುದೂ ಹಾಗೆಯೇ. ಮೇಲಾಗಿ, ದಾಖಲೆ ಸರಿಯಾಗಿದ್ದರೆ, ಕೊಟ್ಟವರ ಹೆಸರು ಕೂಡ ಅಳಿಯುವುದಿಲ್ಲ.

ನಮ್ಮ ಮನೆಗಳ ಪುಸ್ತಕಗಳು

ಈ ಪಾಠವು ಅರಸರಿಗೂ ಪಂಡಿತರಿಗೂ ಮಾತ್ರ ಸೇರಿದುದಲ್ಲ. ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಅವರ ಮಾತಾಪಿತೃಗಳಿಗೂ ಇದರಲ್ಲಿ ಪಾಲಿದೆ. ನಮ್ಮ ನೆರೆಯ ಎಳಂದೂರಿನವಳಾದ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರವರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದವಳು. ಹದಿಬದೆಯ ಧರ್ಮವೆಂಬ ಸಾಂಗತ್ಯಕಾವ್ಯವನ್ನು ಬರೆದಳು. ಅವಳ ಕೃತಿ ನಕಲಾಗಿ, ಜೋಪಾನವಾಗಿ, ಅಚ್ಚಾಗಿ ನಮ್ಮ ಕೈಸೇರಿತು. ಅವಳಂತೆಯೇ ಹಾಡು ಕಟ್ಟಿದ, ರಂಗವಲ್ಲಿಯ ಹೊಸ ಎಳೆಗಳನ್ನು ಕಂಡುಹಿಡಿದ, ಕಸೂತಿಯ ನಮೂನೆಗಳನ್ನು ಬರೆದಿಟ್ಟ ಎಷ್ಟು ಮಂದಿ ಸ್ತ್ರೀಯರ ಪುಸ್ತಕಗಳು ಒಲೆಗೂ ರದ್ದಿಯವನ ತಕ್ಕಡಿಗೂ ಹೋದುವೋ ಎಣಿಸಿದವರಿಲ್ಲ. ಗಂಡಸರ ಪುಸ್ತಕವನ್ನು ಗ್ರಂಥವೆಂದೂ ಹೆಂಗಸರ ಪುಸ್ತಕವನ್ನು ಅಡಿಗೆಮನೆಯ ಚೀಟಿಯೆಂದೂ ಎಣಿಸಿದ್ದೇ ಇದಕ್ಕೆ ಕಾರಣ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನು ನೋಡಿದವರಿಗೆ, ಒಂದು ಕಾಲದಲ್ಲಿ ಮನೆಮನೆಯಲ್ಲಿ ಬಳಕೆಯಲ್ಲಿದ್ದ ಸಾಮಾನುಗಳೇ ಇಂದು ವಿದ್ವಾಂಸರ ಅಭ್ಯಾಸಕ್ಕೆ ವಸ್ತುವಾಗಿವೆಯೆಂಬುದು ತಿಳಿಯುತ್ತದೆ. ಪುಸ್ತಕಗಳಿಗೂ ಅದೇ ನ್ಯಾಯ ಸಲ್ಲತಕ್ಕದ್ದು.

ಆದಕಾರಣ ಮನೆಯಲ್ಲಿ ಇಂತಹ ಪುಸ್ತಕವಿರುವವರು ಈ ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು. ಬರೆದವರ ಹೆಸರು, ಊರು, ಬರೆದ ವರ್ಷ, ಯಾರಿಂದ ಕಲಿತರೆಂಬುದು, ಇವುಗಳನ್ನು ಬೇರೆ ಚೀಟಿಯಲ್ಲಿ ಬರೆದು ಪುಸ್ತಕದೊಡನೆ ಇಡಿರಿ. ಮೂಲದ ಹಾಳೆಯ ಮೇಲೆ ಮಸಿಯಿಂದ ಏನನ್ನೂ ಬರೆಯಬೇಡಿರಿ. ಹರಿದ ಹಾಳೆಗೆ ಅಂಟುಪಟ್ಟಿಯನ್ನು ಹಚ್ಚಬೇಡಿರಿ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಚೆಂದದ ಪುಟವೊಂದನ್ನು ಕಿತ್ತು ಚೌಕಟ್ಟು ಹಾಕಿಸ ಹೋಗಬೇಡಿರಿ. ಲಿಯೋನಿ ಮಾಡಿದ ತಪ್ಪು ಅದೇ. ತುಕ್ಕು ಹಿಡಿಯುವ ಗುಂಡುಸೂಜಿಗಳನ್ನು ತೆಗೆದುಹಾಕಿರಿ. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲದಿಂದಲೂ ಒದ್ದೆಗೋಡೆಯಿಂದಲೂ ದೂರವಿಡಿರಿ. ವರ್ಷಕ್ಕೆರಡು ಬಾರಿ ಬಿಚ್ಚಿ, ನೆರಳಿನಲ್ಲಿ ಗಾಳಿಯಾಡಿಸಿರಿ. ಮುಂದೆ ನೋಡಿಕೊಳ್ಳುವವರಿಲ್ಲವೆಂದು ತೋರಿದ ದಿನ, ನಂಬಿಕೆಗೆ ಯೋಗ್ಯವಾದ ಗ್ರಂಥಾಲಯದವರನ್ನು ಕಂಡು ಕೇಳಿರಿ. ಕೊಟ್ಟಾಗ ರಸೀತಿಯನ್ನೂ ಕ್ರಮಾಂಕವನ್ನೂ ತಪ್ಪದೆ ಪಡೆಯಿರಿ.

ಮುಂದಿನ ಸಲ ನಂಜನಗೂಡಿಗೆ ಹೋದಾಗ ಮಕ್ಕಳನ್ನು ಆ ಮೂವತ್ತೆರಡು ಮೂರ್ತಿಗಳ ಮುಂದೆ ನಿಲ್ಲಿಸಿ, ಇವುಗಳ ಬಣ್ಣವೇನಿರಬಹುದೆಂದು ಕೇಳಿರಿ. ಉತ್ತರವು ಹದಿನಾಲ್ಕು ಮೈಲಿ ದೂರದ ಮೈಸೂರಿನಲ್ಲಿ, ಒಂದು ಹಳೆಯ ಭವನದ ಪುಸ್ತಕದಲ್ಲಿ ಇದೆಯೆಂದು ಹೇಳಿರಿ. ಬಳಿಕ ಮನೆಗೆ ಬಂದು, ನಿಮ್ಮ ತಾಯಿಯ ಪೆಟ್ಟಿಗೆಯ ತಳದಲ್ಲಿ ಏನಿದೆಯೆಂದು ಒಮ್ಮೆ ನೋಡಿರಿ.